ಕಾಪಿ ವಹಿಯ ಮೇಲಿನ ಸಾಲು

ಆಗ ನಮ್ಮೂರಿಗೆ ಟಪಾಲು ಬಂದರೆ ಅದನ್ನು ಓದಿಸಿಕೊಳ್ಳಲು ಜನ ಶಾಲೆಗೆ ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಗುಡಿಯೊಳಗೆ ಬಂದಂತೆ ಬರುತ್ತಿದ್ದರು. ನನ್ನ ವಯಸ್ಸಿನವರಿಗೆ ಅಂಥ ಶಾಲೆಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಸೋಮವಾರ ಸಾರಿಸಿದ ಸೆಗಣಿ ನೆಲದ ವಾಸನೆ, ಎಂಜಲು ಹಚ್ಚಿ ಒರೆಸಿದ ಪಾಟಿಯ ವಾಸನೆ, ಗುಳಿಗೆ ಕರಗಿಸಿ ಮಾಡಿದ ನೀಲಿ ಶಾಯಿಯ ವಾಸನೆ ನಿಮ್ಮ ಮೂಗಿನಲ್ಲೂ ಇನ್ನೂ ಇರಬೇಕು.

ಲಕ್ಷ್ಮೇಶ್ವರದಿಂದ ಅಡರಕಟ್ಟಿಯ ಕಡೆ ಹೋಗುವಾಗ ಎರೆಹೊಲಗಳ ನಡುವೆ ಬರುವ ಸಣ್ಣ ಊರು ನಮ್ಮದು. ಹೆಸರು ಬರೆಯುವುದಿಲ್ಲ. ಈ ಕಥೆಯಲ್ಲಿ ಬರುವವರ ಮೊಮ್ಮಕ್ಕಳು ಇನ್ನೂ ಅಲ್ಲಿದ್ದಾರೆ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಹೊಸತು. ಶಾಲೆಯ ಗೋಡೆಯ ಮೇಲಿದ್ದ ಸಂಸ್ಥಾನಿಕರ ಫೋಟೋ ತೆಗೆದು ಗಾಂಧೀಜಿಯ ಫೋಟೋ ಹಾಕಿದ್ದರು. ಅದು ಅಳತೆಯಲ್ಲಿ ಸಣ್ಣದು. ಹಳೆಯ ಫೋಟೋದ ಚೌಕದ ಗುರುತು ಅದರ ಸುತ್ತ ಹಾಗೆಯೇ ಕಾಣುತ್ತಿತ್ತು.

ನಮ್ಮಪ್ಪ ಗೌಡರ ಹೊಲವನ್ನು ಕೋರಿಗೆ ಮಾಡುತ್ತಿದ್ದ. ಬೆಳೆದದ್ದರಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ನಮ್ಮ ಮನೆತನದಲ್ಲಿ ಪಾಟಿ ಹಿಡಿದವರಲ್ಲಿ ನಾನೇ ಮೊದಲಿನವಳು. ಮುಂದೆ ಬಿ.ಎ. ಪಾಸಾದವಳೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಎಂದೂ ಸಂಕೋಚವಾಗಿಲ್ಲ. ಆದರೆ ಅದರ ಬೇರಿನಲ್ಲಿ ಏನಿದೆ ಎಂದು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಶಾಲೆಗೆ ಇಬ್ಬರು ಮಾಸ್ತರರು. ಒಬ್ಬರು ದೊಡ್ಡ ಮಾಸ್ತರರು, ಶಾಲೆಯ ಮುಖ್ಯಸ್ಥರು. ಪೆನ್ಷನ್ನಿಗೆ ಎರಡು ವರ್ಷ ಉಳಿದಿದ್ದ, ನಶ್ಯ ಹಾಕುತ್ತಿದ್ದ ಸಂಭಾವಿತರು. ಇನ್ನೊಬ್ಬರು ಪತ್ತಾರ ಮಾಸ್ತರರು. ಮುಂಡರಗಿ ಕಡೆಯವರು, ತೆಳ್ಳಗೆ ಉದ್ದಕ್ಕಿದ್ದರು. ನಿಜಾಮನ ಗಡಿಯಲ್ಲಿ ರಜಾಕಾರರ ಹಾವಳಿ ಎದ್ದಾಗ ರಜೆ ಹಾಕಿ ಮುಂಡರಗಿಯ ಶಿಬಿರಕ್ಕೆ ಹೋಗಿ, ಓಡಿ ಬಂದವರ ಹೆಸರು ಊರು ಬರೆದುಕೊಳ್ಳುವ ಕೆಲಸ ಮಾಡಿದ್ದರು. ಅಲ್ಲಿಯ ಪೋಲೀಸರು ಮೆಚ್ಚಿ ಕೊಟ್ಟ ಖಾಕಿ ಸ್ವೆಟರನ್ನೇ ಚಳಿಗಾಲದುದ್ದಕ್ಕೂ ಹಾಕುತ್ತಿದ್ದರು.

ಅವರ ಅಕ್ಷರ! ಅಕ್ಕಸಾಲಿಗ ಪತ್ತಾರರ ಮನೆತನದವರಲ್ಲವೇ, ಬಂಗಾರದ ಎಳೆ ಎಳೆದಂತೆ ಟಾಕಿನಿಂದ ಶಾಯಿ ಎಳೆಯುತ್ತಿದ್ದರು. ಜೋಳದ ಕಾಳಿನಂತೆ ಒಂದೇ ಗಾತ್ರ, ಒಂದೇ ದುಂಡು. ಪ್ರತಿ ಶನಿವಾರ ಬೆಳಗಿನ ಶಾಲೆಯಲ್ಲಿ ನಮ್ಮೆಲ್ಲರ ಕಾಪಿ ವಹಿಗಳನ್ನು ಮುಂದೆ ಒಟ್ಟಿಕೊಂಡು, ಒಂದೊಂದರಲ್ಲಿ ಹಾಳೆಯ ಮೇಲಿನ ಸಾಲನ್ನು ತಾವು ಬರೆಯುತ್ತಿದ್ದರು. ಅದನ್ನು ನೋಡಿ ಕೆಳಗಿನ ಹನ್ನೊಂದು ಸಾಲು ನಾವು ತುಂಬಬೇಕು. ಅಚ್ಚಿನ ಪುಸ್ತಕದ ನೀತಿಮಾತು ಅವರಿಗೆ ಸೇರುತ್ತಿರಲಿಲ್ಲ. ‘ಎತ್ತಿಗೆ ನೀರು ಕುಡಿಸಿ ಬಂದೆ’ ಎಂದೋ, ‘ನಮ್ಮ ಅವ್ವ ಹತ್ತಿ ಬಿಡಿಸುತ್ತಾಳೆ’ ಎಂದೋ ಬರೆಯುತ್ತಿದ್ದರು. ನನ್ನ ವಹಿಯಲ್ಲಿ ಅವರು ಕಡೆಯದಾಗಿ ಬರೆದ ಸಾಲು ‘ನಾನು ಬರೆದದ್ದು ನನ್ನದು’.

ನನ್ನ ಕೆಳಗಿನ ಸಾಲುಗಳು ಅವರ ಮೇಲಿನ ಸಾಲಿನಂತೆಯೇ ಕಾಣುತ್ತಿದ್ದವು. ದೊಡ್ಡ ಮಾಸ್ತರರೇ ಒಮ್ಮೆ ಕನ್ನಡಕ ಏರಿಸಿ ಇಳಿಸಿ, “ಪತ್ತಾರ್ರ, ಇದರಾಗ ನಿಮ್ಮದ್ಯಾವದು, ಈ ಹುಡುಗೀದ್ಯಾವದು?” ಎಂದು ಕೇಳಿದ್ದರು. ಅವತ್ತು ಮನೆಗೆ ನಾನು ನಡೆದು ಹೋಗಲಿಲ್ಲ, ಹಾರಿ ಹೋದೆ.

ಆ ವಹಿಯ ಮೇಲೆ ನನ್ನ ಓದು ನಿಂತಿತ್ತು. ನಾಲ್ಕನೆಯ ಇಯತ್ತೆ ಮುಗಿದರೆ ನಮ್ಮೂರ ಶಾಲೆ ಮುಗಿಯಿತು. ಮುಂದೆ ಲಕ್ಷ್ಮೇಶ್ವರಕ್ಕೆ ಹೋಗಬೇಕು. ಹೆಣ್ಣುಹುಡುಗಿಯನ್ನು ಅಷ್ಟು ದೂರ ಯಾರು ಕಳಿಸುತ್ತಾರೆ? ಅಪ್ಪ ಒಲ್ಲೆ ಎಂದಿದ್ದ. ಪತ್ತಾರ ಮಾಸ್ತರರು ಒಂದು ದಾರಿ ಹುಡುಕಿದರು. ಶಾಲೆಗಳ ತಪಾಸಣೆಗೆ ವರ್ಷಕ್ಕೊಮ್ಮೆ ಒಬ್ಬ ಅಧಿಕಾರಿ ಬರುತ್ತಿದ್ದರು. ಅವರನ್ನು ಎಲ್ಲರೂ ದಿಪೋಟಿ ಸಾಹೇಬರು ಎನ್ನುತ್ತಿದ್ದರು. ಅವರು ಬಂದ ದಿನ ಶಾಲೆಯ ಎಲ್ಲಕ್ಕಿಂತ ಚಂದದ ಕಾಪಿ ವಹಿಯ ಮೇಲೆ ಒಂದು ಚೆಂಡುಹೂವಿಟ್ಟು ಮೇಜಿನ ಮೇಲೆ ಇಡುವುದು ನಮ್ಮ ಶಾಲೆಯ ಪದ್ಧತಿ. ಸಾಹೇಬರು ನೋಡಿ, ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಬರೆದು ಸಹಿ ಹಾಕುತ್ತಿದ್ದರು. ಅಂಥ ಸಹಿ ಇದ್ದವರನ್ನು ಲಕ್ಷ್ಮೇಶ್ವರದ ಶಾಲೆಯಲ್ಲಿ ಮರುಮಾತಿಲ್ಲದೆ ಸೇರಿಸಿಕೊಳ್ಳುತ್ತಿದ್ದರು.

“ಬಸಣ್ಣ, ಮೊದಲ ದಿಪೋಟಿ ಸಾಹೇಬ್ರು ಈಕಿ ವಹಿಗೆ ಸಹಿ ಹಾಕಲಿ. ಆಮ್ಯಾಲೆ ಒಲ್ಲೆ ಅನ್ನುವಂತಿ,” ಎಂದಿದ್ದರು ಮಾಸ್ತರರು ಅಪ್ಪನಿಗೆ.

“ಸರಕಾರದ ಸಹಿ ಬಿತ್ತಂದ್ರ ನಾ ಯಾಂವರಿ ಒಲ್ಲೆ ಅನ್ನಾಕ?” ಎಂದಿದ್ದ ಅಪ್ಪ.

ಆ ವರ್ಷದ ಎಳ್ಳಮಾವಾಸ್ಯೆ ನನಗೆ ಚೆನ್ನಾಗಿ ನೆನಪಿದೆ. ಭೂತಾಯಿಗೆ ನೈವೇದ್ಯವೆಂದು ಹೊಲಕ್ಕೆ ಚರಗ ಚೆಲ್ಲಿ, ಬನ್ನಿಗಿಡದ ಬುಡದಲ್ಲಿ ಕಂಬಳಿ ಹಾಸಿ ಕೂತಿದ್ದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಬದನೆಕಾಯಿ, ಶೇಂಗಾ ಹಿಂಡಿ. ಮಾಸ್ತರರನ್ನೂ ಕರೆದಿದ್ದೆವು. ಅವರ ಎಲೆಗೆ ಅವ್ವ ತುಪ್ಪ ಬಗ್ಗಿಸುತ್ತಿರುವಾಗ ಅಪ್ಪ ಕೇಳಿಯೇ ಬಿಟ್ಟ:

“ಮಾಸ್ತರ್ರ, ನೀವು ಗದಗಿನಾಗ ಏನೋ ಮಾಸ್ತರ ಮಂದಿ ಸಂಘ ಕಟ್ಟೀರಂತ. ಅದು ಕೆಂಪ ಬಾವುಟದವರದು ಅಂತಾರ ಗೌಡ್ರು. ಖರೆ ಏನ್ರಿ?”

ಮಾಸ್ತರರು ರೊಟ್ಟಿ ಮುರಿದರು. “ಗೌಡ್ರ ಮಗಳ ಲಗ್ನದಾಗ ನಾ ಎಲಿ ಎತ್ತಬೇಕು ಬಸಣ್ಣ. ಸರಕಾರಕ್ಕ ಕೊಡೂ ಲೇವಿ ಜೋಳ ಅವರದು ಕಡಿಮಿ ಬರೀಬೇಕು, ನಿನ್ನದು ಹೆಚ್ಚಿಗಿ ಬರೀಬೇಕು. ಒಲ್ಲೆ ಅಂದ್ರ ಮೂರ ದಿನದಾಗ ಎತ್ತಂಗಡಿ. ಇದು ನಡಿಯೂದಿಲ್ಲ ಅನ್ನಾಕ ಸಂಘ.”

“ಅಲ್ಲರಿ, ಬಾವುಟ?”

“ಬಾವುಟ ಕೆಂಪ ಐತಿ. ಸುಳ್ಳ ಯಾಕ ಹೇಳಲಿ?”

ಅಪ್ಪ ತಾನೂ ರೊಟ್ಟಿ ಮುರಿದ. ಅವ್ವ ಮಾತ್ರ, “ಉಣ್ಣಾಗ ಬಣ್ಣದ ಮಾತ ಯಾಕ ಬೇಕಾಗಿತ್ತು ನಿಮಗ?” ಎಂದು ಅಪ್ಪನನ್ನೇ ಬೈದಳು. ಪಕ್ಕದ ಹೊಲದಲ್ಲಿ ಗೌಡರ ಆಳು ಕೂತಿದ್ದ. ಅವನು ಊಟ ಬಿಟ್ಟು ನಮ್ಮ ಕಡೆಯೇ ನೋಡುತ್ತಿದ್ದುದನ್ನು ನಾನು ನೋಡಿದೆ. ಆಗ ಅದಕ್ಕೆ ಅರ್ಥವಿದೆ ಎಂದು ತಿಳಿದಿರಲಿಲ್ಲ.

ಅಮಾವಾಸ್ಯೆ ಕಳೆದು ವಾರವಾಗಿರಬೇಕು, ಸಂಘದ ಕಾರ್ಯದರ್ಶಿಯನ್ನು ಗದಗಿನಲ್ಲಿ ಹಿಡಿದರೆಂದು ಖಬರು ಬಂತು. ಶಿರಹಟ್ಟಿಯಲ್ಲಿ ಇಬ್ಬರನ್ನು, ಮುಳಗುಂದದಲ್ಲಿ ಒಬ್ಬರನ್ನು ಹಿಡಿದರು. ಉಳಿದವರಿಗೆಲ್ಲ ಒಂದು ಅಚ್ಚಿನ ಕಾಗದ ಬಂತು. ‘ನಾನು ಸಂಘದವನಲ್ಲ, ಇದ್ದಿದ್ದರೆ ತಪ್ಪಾಯಿತು’ ಎಂದು ಅದರಲ್ಲಿತ್ತು. ಸಹಿ ಹಾಕಿದರೆ ನೌಕರಿ, ಇಲ್ಲದಿದ್ದರೆ ಇಲ್ಲ. ದೊಡ್ಡ ಮಾಸ್ತರರು ಸಂಘದಲ್ಲಿ ಇರಲೇ ಇಲ್ಲ. ಆದರೂ ಮೊದಲು ಸಹಿ ಹಾಕಿದವರು ಅವರೇ. ಪತ್ತಾರ ಮಾಸ್ತರರು ಆ ಕಾಗದವನ್ನು ಹಾಜರಿ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡರು. ದಿನಾ ಹೆಸರು ಕೂಗುವಾಗ ಅದು ನಮಗೆ ಕಾಣುತ್ತಿತ್ತು. ಸಹಿಯ ಜಾಗ ಖಾಲಿಯಿತ್ತು.

ಆಮೇಲೆ ಗೋಡೆಗಳ ಮೇಲೆ ಕಾಗದಗಳು ಕಾಣಿಸಿಕೊಂಡವು.

ನಾನು ಮೊದಲು ಕಂಡದ್ದು ಲಕ್ಷ್ಮೇಶ್ವರದಲ್ಲಿ. ಸಂತೆಯ ದಿನ ಅಪ್ಪ ಹತ್ತಿ ಹೇರಿದ ಚಕ್ಕಡಿಯ ಮೇಲೆ ನನ್ನನ್ನೂ ಕೂಡಿಸಿಕೊಂಡು ಹೋಗಿದ್ದ. ಹತ್ತಿಯ ಮೆತ್ತನೆಯ ಅಂಡಿಗೆಯ ಮೇಲೆ ಆಕಾಶ ನೋಡುತ್ತ ಮಲಗಿ ಹೋಗುವುದಕ್ಕಿಂತ ದೊಡ್ಡ ಸುಖ ನನಗೆ ಇವತ್ತಿಗೂ ಗೊತ್ತಿಲ್ಲ. ಹತ್ತಿ ಕೊಳ್ಳುವ ಅಡತಿ ಅಂಗಡಿಯ ಮುಂದೆ ಚಕ್ಕಡಿ ನಿಂತಿತು. ಅಪ್ಪ ನನಗೆ ಎಲೆಯಲ್ಲಿ ಬಿಸಿ ಮಿರ್ಚಿ ಭಜಿ ತಂದುಕೊಟ್ಟ. ಎದುರಿನ ಗೋಡೆಗೆ ಒಂದು ಕಾಗದ ಹಚ್ಚಿದ್ದರು. ಏಳೆಂಟು ಜನ ಅದರ ಮುಂದೆ ನಿಂತಿದ್ದರು. ಅವರಲ್ಲಿ ಓದು ಬಲ್ಲವರು ಯಾರೂ ಇರಲಿಲ್ಲವೆಂದು ಕಾಣುತ್ತದೆ. ನಾನು ಓದಿದೆ, ಗಟ್ಟಿಯಾಗಿ, ಶಾಲೆಯಲ್ಲಿ ಓದುವ ಹಾಗೆ:

“ಮಾಸ್ತರ ಯಾವ ಗೌಡನ ಆಳೂ ಅಲ್ಲ. ಜೇಲಿನಲ್ಲಿರುವ ನಮ್ಮವರನ್ನು ಬಿಡಿರಿ...”

ಜನ ನನ್ನ ಕಡೆ ತಿರುಗಿದರು. ನನ್ನ ಹೆಮ್ಮೆಗೆ ಮಿತಿ ಇರಲಿಲ್ಲ. ಅಕ್ಷರಗಳನ್ನು ಆಗಲೇ ಗುರುತು ಹಿಡಿದಿದ್ದೆ. ಜೋಳದ ಕಾಳಿನ ಅಕ್ಷರ.

“ಅಪ್ಪಾ, ಇದು ನಮ್ಮ ಮಾ—”

ಅಪ್ಪ ಇಡೀ ಭಜಿಯನ್ನು ನನ್ನ ಬಾಯಿಗೆ ತುರುಕಿದ. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ಜನ ನಕ್ಕರು. “ಹುಡುಗಿ ಹಸದೈತಿ ನೋಡ್ರಿ, ಓದಿದ್ದಕ್ಕ ಬಕ್ಷೀಸು,” ಎಂದ ಅಪ್ಪ, ತಾನೂ ನಗುತ್ತ. ಆದರೆ ನನ್ನ ತೋಳು ಹಿಡಿದ ಕೈಯನ್ನು ಬಿಡಲಿಲ್ಲ.

ಊರ ದಾರಿಯಲ್ಲಿ ಚಕ್ಕಡಿ ನಿಲ್ಲಿಸಿ ಎತ್ತಿನ ಹೆಗಲ ಮೇಲೆ ನನ್ನ ಕೈ ಇಡಿಸಿದ. “ಆಣಿ ಮಾಡು. ಯಾರು ಕೇಳಿದ್ರೂ ನಿನಗ ಗೊತ್ತಿಲ್ಲ. ಬಾಯಾಗಿಂದ ಒಂದ ಮಾತ ಬರಬಾರದು. ನಿನ್ನ ಬಾಯಿ ಅಂದ್ರ ಈಗ ಮಾಸ್ತರ್ರ ಜೀವ ಐತಿ.”

ನಾನು ಆಣೆ ಮಾಡಿದೆ. ಆ ಆಣೆಯನ್ನು ಮುರಿಯಲಿಲ್ಲ. ಈ ಮಾತನ್ನು ನೆನಪಿಟ್ಟುಕೊಂಡು ಮುಂದೆ ಓದಿರಿ. ನಮ್ಮ ಮನೆಯಲ್ಲಿ ಗುಟ್ಟು ಎಂದರೆ ಬಾಯಿಯ ವಿಷಯ. ಕಾಗದಕ್ಕೂ ಬಾಯಿ ಇರುತ್ತದೆಂದು ತಿಳಿಯಲು ಮನೆಯಲ್ಲಿ ಯಾರಾದರೂ ನನಗಿಂತ ಮೊದಲು ಓದಿರಬೇಕಾಗಿತ್ತು.

ಕಾಗದಗಳು ಶಿರಹಟ್ಟಿಯಲ್ಲಿ ಬಂದವು, ಗದಗಿನ ಹತ್ತಿ ಗಿರಣಿಯ ಗೋಡೆಗೆ ಬಂದವು. ಪೋಲೀಸರು ಊರೂರ ಶಾಲೆಗಳ ದಫ್ತರ ತರಿಸಿ ಮಾಸ್ತರರ ಅಕ್ಷರ ನೋಡುತ್ತಿದ್ದಾರೆಂದು ಸುದ್ದಿಯಾಯಿತು. ನಮ್ಮ ಶಾಲೆಯ ದಫ್ತರವನ್ನೆಲ್ಲ ಬರೆಯುತ್ತಿದ್ದವರು ದೊಡ್ಡ ಮಾಸ್ತರರು. ಪತ್ತಾರ ಮಾಸ್ತರರ ಕೈಬರಹ ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ಅವರು ಬರೆಯುತ್ತಿದ್ದದ್ದು ಕರಿಹಲಗೆಯ ಮೇಲೆ ಮತ್ತು ನಮ್ಮ ವಹಿಗಳಲ್ಲಿ.

ಒಂದು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾವು ಹುಡುಗಿಯರು ಪಡಸಾಲೆಯಲ್ಲಿ ಗಜಗದ ಆಟ ಆಡುತ್ತಿದ್ದೆವು. ಗಜಗ ಮೇಲೆ ಹಾರಿಸಿ, ಕೆಳಗಿನವನ್ನು ಬಾಚಿ, ಮತ್ತೆ ಹಿಡಿಯಬೇಕು. ಒಳಗೆ ಮಾಸ್ತರರಿಬ್ಬರೇ ಮಾತಾಡುತ್ತಿದ್ದರು.

“ಬರೀರಿ ಬ್ಯಾಡ ಅನ್ನೂದಿಲ್ಲ ಪತ್ತಾರ್ರ,” ಎಂದಿತು ದೊಡ್ಡ ಮಾಸ್ತರರ ಧ್ವನಿ. “ಆದ್ರ ಒಂದೀಟು ಅಡ್ಡಾದಿಡ್ಡಿ ಬರದ್ರ ಏನಾಗತೈತ್ರಿ? ಎಡಗೈಲೆ ಬರೀರಿ. ಯಾರಿಗೂ ಗುರ್ತ ಹತ್ತೂದಿಲ್ಲ.”

“ಮಾಸ್ತರ ಆದಾವ ಕೆಟ್ಟ ಅಕ್ಷರ ಬರದು ಗ್ವಾಡಿಗೆ ಹಚ್ಚಿದ್ರ, ಹೋಗೂ ಬರೂ ಹುಡುಗ್ರು ಅದನ್ನ ಕಲೀತಾವರಿ.”

“ನಿಮಗ ಹುಚ್ಚ ಹಿಡದೈತಿ.”

“ಇರಬೇಕ್ರಿ.”

ಇಬ್ಬರೂ ನಕ್ಕರು. ನನ್ನ ಕೈಯಿಂದ ಗಜಗ ಜಾರಿ ಬಿತ್ತು, ಆಟ ಸೋತೆ.

ಮರುದಿನ ಪತ್ತಾರ ಮಾಸ್ತರರು ಎಲ್ಲರ ಕಾಪಿ ವಹಿ ಕೇಳಿದರು. ಹುಳ ಹಿಡಿದಿದೆ, ಸುಡಬೇಕು, ಹೊಸ ವಹಿ ಕೊಡುತ್ತೇನೆ ಎಂದರು. ಒಬ್ಬೊಬ್ಬರಾಗಿ ಕೊಟ್ಟರು. ನನ್ನ ಸರದಿ ಬಂತು. ಇನ್ನು ತಿಂಗಳೊಳಗೆ ದಿಪೋಟಿ ಸಾಹೇಬರು ಬರುವವರು. ಹೊಸ ವಹಿಯಲ್ಲಿ ಅಷ್ಟರೊಳಗೆ ಎಷ್ಟು ಹಾಳೆ ತುಂಬೀತು? ಸಹಿ ಇಲ್ಲದಿದ್ದರೆ ಲಕ್ಷ್ಮೇಶ್ವರವಿಲ್ಲ. ಸಹಿ ಇಲ್ಲದಿದ್ದರೆ ಅವ್ವನ ಹಿಂದೆ ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುವುದೇ.

“ನನ್ನ ವಹಿ ಎಮ್ಮಿ ತಿಂತ್ರಿ ಗುರುಗಳ,” ಎಂದೆ.

ಹಿಂದಿನ ಸಾಲಿನಿಂದ ಚನ್ಯಾ ಕೂಗಿದ: “ಲೇ ನೀಲಿ, ಹಂಗಾರ ನಿಮ್ಮ ಎಮ್ಮಿ ಈಗ ನಾಲ್ಕನೇತ್ತಾ ಪಾಸಾತೇನು?”

ಶಾಲೆಯೆಲ್ಲ ನಕ್ಕಿತು. ಮಾಸ್ತರರು ನಗಲಿಲ್ಲ. ನನ್ನನ್ನು ಬಹಳ ಹೊತ್ತು ನೋಡಿದರು. ನಾನು ನೆಲ ನೋಡಿದೆ. “ಆತು, ಕುಂಡ್ರು,” ಎಂದು ಮುಂದಿನವನ ಕಡೆ ಹೋದರು.

ಶಾಲೆಯ ಹಿಂದೆ, ಬಣವೆಯ ಮರೆಯಲ್ಲಿ, ವಹಿಗಳನ್ನು ಸುಟ್ಟರು. ಚಳಿಯ ದಿನ; ನಾವೆಲ್ಲ ಸುತ್ತ ನಿಂತು ಕೈ ಕಾಯಿಸಿಕೊಂಡೆವು. ಬೆಂಕಿಯಲ್ಲಿ ಹಾಳೆಗಳು ತಾವಾಗಿಯೇ ತೆರೆದು, ಮೇಲಿನ ಸಾಲು ಒಂದು ಕ್ಷಣ ಕಂಡು, ಕಪ್ಪಾಗಿ ಮುದುಡುತ್ತಿದ್ದವು. ಮಾಸ್ತರರು ಒಂದು ಕೋಲಿನಿಂದ ಅವುಗಳನ್ನು ಒಳಗೆ ದೂಡುತ್ತಿದ್ದರು. ಹೊಗೆಯಿಂದ ಅವರ ಕಣ್ಣು ಕೆಂಪಾಗಿತ್ತು. ನನ್ನ ವಹಿ ಮನೆಯಲ್ಲಿ ಕೌದಿಯ ಮಡಿಕೆಯೊಳಗೆ ಬೆಚ್ಚಗೆ ಮಲಗಿತ್ತು. ನಾನು ಗೆದ್ದೆ ಎಂದುಕೊಂಡೆ.

ಅಲ್ಲಿಂದ ಮುಂದೆ ಅವರು ವಹಿಗಳಲ್ಲಿ ಬರೆಯಲಿಲ್ಲ. ಅಚ್ಚಿನ ಪುಸ್ತಕ ನೋಡಿ ಬರೆಯಿರಿ ಎಂದರು. ಕರಿಹಲಗೆಯನ್ನು ಪ್ರತಿ ತಾಸಿಗೊಮ್ಮೆ ತಾವೇ ಒದ್ದೆ ಅರಿವೆಯಿಂದ ಒರೆಸುತ್ತಿದ್ದರು. ಗೌಡರ ಆಳು ಬೇರೆ ಕೆಲಸವಿಲ್ಲದವನಂತೆ ಶಾಲೆಯ ಎದುರಿನ ಬೇವಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ. ನಾವು ಚಿಣಿಕೋಲು ಆಡಿದರೆ ಚಿಣಿ ಅವನ ಕಾಲ ಬಳಿ ಬೀಳುತ್ತಿತ್ತು. ಎತ್ತಿ ಕೊಡುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದ.

ಹದಿನೈದು ದಿನ ಏನೂ ಆಗಲಿಲ್ಲ.

ಅವತ್ತು ಬೆಳಗಿನ ಶಾಲೆ. ಪ್ರಾರ್ಥನೆ ಮುಗಿದಿತ್ತು. ಮುಚ್ಚುಕಾಲರಿನ ಕೋಟು, ಕರಿಟೊಪ್ಪಿಗೆ ಹಾಕಿದ ಒಬ್ಬರು ಸೈಕಲ್ಲಿನಿಂದ ಇಳಿದರು. ಹ್ಯಾಂಡಲ್ಲಿಗೆ ಚರ್ಮದ ಚೀಲ ತೂಗುತ್ತಿತ್ತು. ಕಿಟಕಿಯ ಹತ್ತಿರ ಕೂತಿದ್ದ ಚನ್ಯಾ ಪಿಸುಗುಟ್ಟಿದ: “ದಿಪೋಟಿ ಬಂದ್ರೋ!”

ಹೋದ ವರ್ಷದ ದಿಪೋಟಿ ಇವರಲ್ಲ ನಿಜ. ಆದರೆ ಸಂಸ್ಥಾನವೇ ಬದಲಾಗಿದೆ, ದಿಪೋಟಿ ಬದಲಾಗಬಾರದೇ? ನಾನು ಕಿರುಬೆರಳು ತೋರಿಸಿ ಹೊರಗೆ ಹೋಗುವ ಅಪ್ಪಣೆ ಪಡೆದೆ. ಓಣಿಯುದ್ದಕ್ಕೂ ಓಡಿದೆ. ಅವ್ವ ಹೊಲಕ್ಕೆ ಹೋಗಿದ್ದಳು. ಕೌದಿ ಕಿತ್ತೆಳೆದು ವಹಿ ತೆಗೆದೆ. ಹಿತ್ತಲಲ್ಲಿ ಒಂದು ಚೆಂಡುಹೂವು ಹರಿದುಕೊಂಡೆ. ಮತ್ತೆ ಓಡಿದೆ.

ನಾನು ಒಳಗೆ ಬಂದಾಗ ಆ ಮನುಷ್ಯ ಕುರ್ಚಿಯಲ್ಲಿ ಕೂತಿದ್ದ. ದೊಡ್ಡ ಮಾಸ್ತರರು ಕೈಕಟ್ಟಿ ನಿಂತಿದ್ದರು. ಮೂಗಿನ ಮೇಲೆ ಬೆವರು. ಪತ್ತಾರ ಮಾಸ್ತರರು ಕರಿಹಲಗೆಯ ಮುಂದೆ ಸುಣ್ಣದ ಕಡ್ಡಿ ಹಿಡಿದು ನಿಂತಿದ್ದರು. ಒಂದು ಲೆಕ್ಕ ಅರ್ಧಕ್ಕೆ ನಿಂತಿತ್ತು.

“ಹಳೇ ಕಾಪಿ ವಹಿ ಒಂದೂ ಇಲ್ಲ ಅಂದ್ರ ಹೆಂಗ್ರಿ?” ಎಂದು ಆ ಮನುಷ್ಯ ಕೇಳುತ್ತಿದ್ದ. “ಶಾಲಿ ಅಂದಮ್ಯಾಲೆ ಹಳೇ ವಹಿ ಇರತಾವಲ್ಲ.”

“ಹುಳ ಹಿಡದಿದ್ದುವ್ರಿ,” ಎಂದರು ದೊಡ್ಡ ಮಾಸ್ತರರು.

ನಾನು ಹೋಗಿ ವಹಿಯನ್ನು ಮೇಜಿನ ಮೇಲಿಟ್ಟೆ. ಅದರ ಮೇಲೆ ಚೆಂಡುಹೂವಿಟ್ಟೆ. ಎರಡು ಹೆಜ್ಜೆ ಹಿಂದೆ ಸರಿದು, ಕಲಿಸಿದಂತೆ ಕೈಮುಗಿದೆ.

ಪತ್ತಾರ ಮಾಸ್ತರರ ಕೈಯಲ್ಲಿದ್ದ ಸುಣ್ಣದ ಕಡ್ಡಿ ಎರಡು ತುಂಡಾಗಿ ಒಂದು ತುಂಡು ನೆಲಕ್ಕೆ ಬಿತ್ತು. ಆ ಸಪ್ಪಳ ನನಗೆ ಇನ್ನೂ ಕೇಳುತ್ತದೆ.

ಆ ಮನುಷ್ಯ ಹೂವನ್ನು ಮೆಲ್ಲಗೆ ಬದಿಗಿಟ್ಟ. ವಹಿ ತೆರೆದ. ಚೀಲದಿಂದ ಒಂದು ಕಾಗದ ತೆಗೆದು ಪಕ್ಕದಲ್ಲಿ ಹರಡಿದ. ಅದರ ಮೂಲೆಗಳಲ್ಲಿ ಗೋಡೆಯ ಸುಣ್ಣ ಅಂಟಿತ್ತು. ನೋಡಿದ ಕೂಡಲೆ ನನಗೆ ಎಲ್ಲ ತಿಳಿಯಿತು. ಹತ್ತು ವರ್ಷದ ಹುಡುಗಿಗೆ ಅಷ್ಟು ಬೇಗ ಎಲ್ಲ ತಿಳಿಯಬಾರದು.

“ಯಾರದವ್ವ ಈ ಅಕ್ಷರ?” ಎಂದು ಅವನು ನನ್ನನ್ನು ಕೇಳಿದ. ಧ್ವನಿ ಬಹಳ ಮೆತ್ತಗಿತ್ತು.

ಆಣೆ ನೆನಪಾಯಿತು. ನಾನು ಬಾಯಿ ಬಿಡಲಿಲ್ಲ. ಹಲ್ಲು ಕಚ್ಚಿ ನಿಂತೆ.

“ಎಲ್ಲಾ ಒಂದ ಕೈ ಬರದಂಗ ಐತಿ,” ಎಂದು ಅವನು ಹಾಳೆ ತಿರುವಿದ. “ಈ ಹುಡುಗೀನ ಬರದು ಕೊಡತಿದ್ಲೇನು ಗ್ವಾಡಿ ಕಾಗದ? ಏ ಹುಡುಗಿ, ನಿಮ್ಮಪ್ಪ ಯಾರು?”

ಆಗ ಪತ್ತಾರ ಮಾಸ್ತರರು ಮುಂದೆ ಬಂದರು. “ಜಮಾದಾರ್ರ, ಮ್ಯಾಲಿನ ಸಾಲು ನಂದು. ಕೆಳಗಿನವು ಆಕೀವು. ಗ್ವಾಡಿ ಮ್ಯಾಲಿನವು ಎಲ್ಲಾ ನಂದ. ಆಕಿನ್ನ ಬಿಡ್ರಿ.”

ಆ ಮನುಷ್ಯ ತಲೆಯೆತ್ತಿದ. “ಮುಂಡರಗಿಯೊಳಗ ನಾವು ಒಂದ ಪಂಗ್ತಿಗೆ ಕುಂತು ಉಂಡವರು, ಮಾಸ್ತರ್ರ. ಈ ಸ್ವೆಟರ ನಮ್ಮ ಠಾಣೇದ್ದ ಅಲ್ಲೇನ್ರಿ?”

“ಹೌದ್ರಿ. ಛಲೋ ಬಾಳಿಕಿ ಬಂತು.”

“ಒಂದ ಸಹಿ ಹಾಕಿದ್ರ ಮುಗೀತಿತ್ತಲ್ಲರಿ.”

“ಸಹೀನ ಬೇಕಾದ್ರ ಈಗ ಕೊಡತೀನಿ. ಆ ವಹಿ ಆಕಿಗೆ ತಿರುಗಿ ಕೊಟ್ಟ ಬಿಡ್ರಿ. ದಿಪೋಟಿಯವರ ಸಹಿಗಂತ ಇಟಗೊಂಡಾಳ. ನಿಮಗ ನನ್ನ ಅಕ್ಷರ ಬೇಕು, ಹೌದಲ್ಲ?”

ಮೇಜಿನ ಮೇಲಿನ ಟಾಕನ್ನು ದೌತಿಯಲ್ಲಿ ಅದ್ದಿದರು. ಒಂದು ಹಾಳೆಯ ಮೇಲೆ, ಅವಸರವಿಲ್ಲದೆ, ಶನಿವಾರ ನಮ್ಮ ವಹಿಗಳಲ್ಲಿ ಬರೆಯುತ್ತಿದ್ದ ಹಾಗೆಯೇ ಬರೆದರು: ‘ನಾನು ಬರೆದದ್ದು ನನ್ನದು.’ ಕೆಳಗೆ ಪೂರಾ ಹೆಸರಿನ ಸಹಿ ಹಾಕಿದರು. ಊದಿ ಆರಿಸಿ ಮುಂದಕ್ಕೆ ಸರಿಸಿದರು.

ಆ ಮನುಷ್ಯ ಹಾಳೆಯನ್ನು ಚೀಲದಲ್ಲಿಟ್ಟ. ಆಮೇಲೆ ನನ್ನ ವಹಿಯನ್ನೂ ಚೀಲದಲ್ಲಿಟ್ಟ.

“ಲೆಕ್ಕ ಅರ್ಧಕ್ಕ ನಿಂತೈತ್ರಿ. ಮುಗಿಸಿ ಬರತೀನಿ,” ಎಂದರು ಮಾಸ್ತರರು.

ಅವನು ತಲೆಯಾಡಿಸಿದ. ಮಾಸ್ತರರು ಬಿದ್ದ ತುಂಡನ್ನು ಎತ್ತಿಕೊಂಡು ಲೆಕ್ಕ ಬಿಡಿಸಿದರು. “ತಿಳೀತೋ ಇಲ್ಲೋ?” ಎಂದು ಕೇಳಿದರು. ಆ ಸಲ ಕರಿಹಲಗೆ ಒರೆಸಲಿಲ್ಲ. ನನ್ನ ಪಕ್ಕ ಹಾದು ಹೋಗುವಾಗ ನನ್ನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟರು. ಕೂದಲಿಗೆ ಸುಣ್ಣ ಹತ್ತಿತು. ಬೇವಿನ ಕಟ್ಟೆಯ ಹತ್ತಿರ ಲಾಠಿ ಹಿಡಿದ ಇಬ್ಬರು ಪೋಲೀಸರು ಎದ್ದು ನಿಂತರು. ಅಲ್ಲಿಯವರೆಗೆ ಅವರು ನಮಗೆ ಕಂಡಿರಲಿಲ್ಲ.

ಸಂಜೆ ಅವ್ವ ಮನೆಗೆ ಬಂದು ನೆಲದ ಮೇಲೆ ಬಿಚ್ಚಿ ಬಿದ್ದ ಕೌದಿಯನ್ನು ನೋಡಿದಳು. ನನ್ನನ್ನು ನೋಡಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಕೌದಿ ಮಡಿಚಿಟ್ಟು ಒಲೆ ಹೊತ್ತಿಸಿದಳು. ಹೊಡೆದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ನಾನು ಇನ್ನು ಶಾಲೆಗೆ ಹೋಗುವುದಿಲ್ಲ ಎಂದೆ. ಮೂರು ದಿನ ಹತ್ತಿ ಬಿಡಿಸಿದೆ. ನಾಲ್ಕನೆಯ ದಿನ ಅಪ್ಪ ಹೊಲದಲ್ಲಿಯೇ ನನ್ನ ಉಡಿಯ ಗಂಟು ಬಿಚ್ಚಿದ. ಅವನಿಗೆ ಎಲ್ಲ ಗೊತ್ತಾಗಿತ್ತು.

“ನಡಿ ಶಾಲಿಗೆ.”

“ಒಲ್ಲೆಪ್ಪಾ.”

“ನಿನ್ನ ಅಕ್ಷರದ ಸಲುವಾಗಿ ಒಬ್ಬ ಮನಷ್ಯಾ ಜೇಲಿಗೆ ಹೋಗ್ಯಾನ. ಈಗ ನೀ ಬಿಟ್ಟಿ ಅಂದ್ರ ಆಂವ ಹೋಗಿದ್ದು ಯಾತಕ್ಕ?” ಎಂದ ಅಪ್ಪ. “ಸಹಿ ಇರಲಿ ಬಿಡಲಿ, ಲಕ್ಷ್ಮೇಶ್ವರಕ್ಕ ನಾ ನಡಸಿಗೊಂತ ಕರಕೊಂಡ ಹೋಗತೀನಿ.”

ಹಾಗೆಯೇ ಮಾಡಿದ. ನಾನು ಪದವೀಧರೆಯಾದದ್ದು ಹೀಗೆ.

ಮಾಸ್ತರರನ್ನು ಬೆಳಗಾವಿಯ ಕಡೆಯ ಜೇಲಿನಲ್ಲಿಟ್ಟರೆಂದು ತಿಳಿಯಿತು. ಸಂಘದ ಉಳಿದವರು ಒಬ್ಬೊಬ್ಬರಾಗಿ ಅಚ್ಚಿನ ಕಾಗದಕ್ಕೆ ಸಹಿ ಹಾಕಿ ಹೊರಗೆ ಬಂದರು. 'ಸಂಘ' ಎಂಬ ಮಾತನ್ನೇ ಸುತ್ತಲಿನ ಊರುಗಳ ಮಾಸ್ತರರೆಲ್ಲ ಬಾಯಲ್ಲಿ ತರುವುದನ್ನು ಬಿಟ್ಟರು. ಗೌಡರ ಮನೆಯಲ್ಲಿ ಆಮೇಲೆ ನಡೆದ ಮದುವೆಯಲ್ಲಿ ದೊಡ್ಡ ಮಾಸ್ತರರು ಎಲೆ ಎತ್ತುತ್ತಿದ್ದುದನ್ನು ನಾನೇ ಕಂಡೆ.

ಕರ್ನಾಟಕ ಒಂದಾದ ದಿನ ನಾನು ಗದಗಿನಲ್ಲಿದ್ದೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ದೂರದ ಅತ್ತೆಯ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ಮಗ್ಗಗಳೆಲ್ಲ ನಿಂತು, ಓಣಿ ಕಿವುಡಾದಂತಿತ್ತು. ಮೆರವಣಿಗೆ ನೋಡಲು ಹೋದೆ. ರಸ್ತೆಯ ಮೇಲೆ ಅಡ್ಡಲಾಗಿ ಬಟ್ಟೆಯ ದೊಡ್ಡ ಪಟ ಕಟ್ಟಿದ್ದರು. ‘ಕರ್ನಾಟಕ’ ಎಂದು ಬರೆದಿತ್ತು. ಜೋಳದ ಕಾಳಿನ ಅಕ್ಷರ. ಅದರ ಕೆಳಗೆ ಪೋಲೀಸರು ಸಾಲಾಗಿ ಸಲಾಮು ಹೊಡೆಯುತ್ತ ನಿಂತಿದ್ದರು.

ಕೇಳುತ್ತ ಹೋಗಿ ಹುಡುಕಿದೆ. ತಗಡಿನ ಒಂದು ಸಣ್ಣ ಅಂಗಡಿ. ಅಂಗಡಿಗಳ ಬೋರ್ಡು ಬರೆದುಕೊಡುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ನೌಕರಿ ತಿರುಗಿ ಕೊಟ್ಟಿರಲಿಲ್ಲ. ಅವರು ನನ್ನನ್ನು ಕೂಡಲೆ ಗುರುತಿಸಿದರು. ನಾನು ಏಳು ವರ್ಷ ನುಂಗಿಟ್ಟದ್ದನ್ನು ಹೇಳಿದೆ.

“ಗುರುಗಳ, ಅವತ್ತು ವಹಿ ಎಮ್ಮಿ ತಿಂದಿರಲಿಲ್ಲರಿ.”

“ಗೊತ್ತೈತಿ. ಎಮ್ಮಿ ತಿಂದ್ರ ವಹಿ ರಟ್ಟನ್ನಾದ್ರೂ ಉಗುಳತಿತ್ತು.”

“ಮತ್ತ ಯಾಕ ಕಸಗೊಳ್ಳಲಿಲ್ಲರಿ?”

ಅವರು ಬ್ರಶ್ಶನ್ನು ಚಿಮಣಿ ಎಣ್ಣೆಯಲ್ಲಿ ಅದ್ದಿ ಅರಿವೆಗೆ ಒರೆಸಿದರು. “ಎಲ್ಲಾ ಸುಡಾಂವ ಇದ್ದೆ. ಒಂದರೆ ಉಳೀಲಿ ಅನ್ನಿಸ್ತು. ನಂದೂ ಆಸೇನ ನೀಲವ್ವ. ನೀ ಒಬ್ಬಾಕೀನ ಹೊರಬ್ಯಾಡ ಅದನ್ನ.”

ನಾನು ಅವರ ಕಾಲಿಗೆ ಬಿದ್ದೆ. ಮತ್ತೆ ಬರುತ್ತೇನೆ ಎಂದೆ. ಹೋಗಲಿಲ್ಲ. ಧಾರವಾಡದ ಕಾಲೇಜು, ಪರೀಕ್ಷೆ, ಅಪ್ಪನ ಬೇನೆ. ಇವೆಲ್ಲ ಕಾರಣಗಳೇ. ಆದರೆ ಅವರ ಅಂಗಡಿಯ ಎದುರಿನ ಚಹಾದಂಗಡಿಯಲ್ಲಿ ಅವತ್ತು ಒಬ್ಬ ಮನುಷ್ಯ ಸುಮ್ಮನೆ ಕೂತು ನನ್ನನ್ನೇ ನೋಡುತ್ತಿದ್ದುದೂ ಒಂದು ಕಾರಣ. ಯಾರೋ ಏನೋ. ಚಹಾ ಕುಡಿಯಲು ಬಂದವನೂ ಇರಬಹುದು.

ಬಿ.ಎ. ಆದ ಮೇಲೆ ನನಗೆ ಸರಕಾರಿ ಶಾಲೆಯಲ್ಲಿ ನೌಕರಿ ಸಿಕ್ಕಿತು. ಸೇರುವ ದಿನ ಗುಮಾಸ್ತರು ಒಂದು ಅಚ್ಚಿನ ಕಾಗದ ಕೊಟ್ಟರು. ಸರಕಾರದ ವಿರುದ್ಧ ನಡೆಯುವ ಯಾವ ಸಂಘದೊಂದಿಗೂ, ಅಂಥ ಯಾವ ವ್ಯಕ್ತಿಯೊಂದಿಗೂ ನನಗೆ ಸಂಬಂಧವಿಲ್ಲ, ಹಿಂದೆಯೂ ಇರಲಿಲ್ಲ ಎಂದು ಅದರಲ್ಲಿತ್ತು. ಅದನ್ನು ಕೈಯಿಂದ ನಕಲು ಮಾಡಿ ಕೆಳಗೆ ಸಹಿ ಹಾಕಬೇಕು. ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದ. ನಾನು ಟಾಕು ಅದ್ದಿದೆ. ನಿಧಾನವಾಗಿ, ಒಂದಕ್ಷರ ಓರೆಯಾಗದ ಹಾಗೆ ಬರೆದೆ.

ಗುಮಾಸ್ತರು ಹಾಳೆಯನ್ನು ಬೆಳಕಿಗೆ ಹಿಡಿದರು. “ಏನ್ ಅಕ್ಷರ್ರೀ ಬಾಯಾರ, ಮುತ್ತ ಪೋಣಿಸಿದಂಗ! ಯಾರ ಕಲಿಸಿದ್ರು?”

“ಯಾರಿಲ್ಲರಿ,” ಎಂದೆ. “ತಾನ ಬಂದದ್ದು.”

ಮೂವತ್ತು ವರ್ಷ ಕಲಿಸಿದೆ. ಎಷ್ಟೋ ಮಕ್ಕಳ ವಹಿಗಳಲ್ಲಿ ಮೇಲಿನ ಸಾಲು ಬರೆದೆ. ಅವರಲ್ಲಿ ಕೆಲವರ ಅಕ್ಷರ ಇವತ್ತಿಗೂ ನನ್ನ ಅಕ್ಷರದಂತಿದೆ. ಅದು ಯಾರದೆಂದು ಅವರಿಗೆ ಹೇಳಿಲ್ಲ. ಎತ್ತಂಗಡಿಯಾದ ಮಾಸ್ತರರ ಪರವಾಗಿ ಸಹಿ ಹಾಕಿರೆಂದು ಯಾರಾದರೂ ಕಾಗದ ತಂದಾಗ ನಾನು ಪ್ರತಿ ಸಲ ಶಾಯಿ ಮುಗಿದಿದೆ ಎಂದೆ. ಆ ವಹಿ ಮುಂಬೈ ಸರಕಾರದ ಯಾವುದೋ ಗಂಟಿನಲ್ಲಿ ಸೇರಿ, ಮೈಸೂರು ಸರಕಾರದ ಯಾವುದೋ ಕಪಾಟಿಗೆ ಹೋಗಿ, ಗೆದ್ದಲಿಗೆ ಆಹಾರವಾಗಿರಬೇಕು. ಹೆದರದೆ ಒಂದು ಸಾಲು ಬರೆದು ಕೆಳಗೆ ಪೂರಾ ಹೆಸರು ಹಾಕುವ ಮಾಸ್ತರರನ್ನು ನಾನು ಮತ್ತೆ ಕಾಣಲಿಲ್ಲ, ಕನ್ನಡಿಯಲ್ಲಿಯೂ.

ಈಗ ಇದನ್ನು ಬರೆಯುತ್ತಿದ್ದೇನೆ. ಕೈ ನಡುಗುತ್ತದೆ, ಕಾಳು ಒಂದೇ ಗಾತ್ರದಲ್ಲಿಲ್ಲ. ಗುಮಾಸ್ತರು ಹೊಗಳಿದ ಆ ಹಾಳೆಯನ್ನೂ ನಾನೇ ಬರೆದೆ. ನಾನು ಬರೆದದ್ದು ನನ್ನದು.